ನಾಲ್ಕನೇ ನಲ್ಲಿ

ಆ ನಲ್ಲಿಯನ್ನು ಬಿಗಿದದ್ದು ಚಿಕ್ಕಬೋರಯ್ಯನೇ. ಬೇರೆ ಯಾರಾದರೂ ಬಿಗಿದಿದ್ದರೆ ಅವರ ಮನೆ ಮುಂದೆ ನಿಂತು ಬಾಯಿ ತುಂಬ ಬೈದು ಬಂದು, ಮುದ್ದೆ ಉಂಡು ಮಲಗುತ್ತಿದ್ದ. ತನ್ನ ಕೈಯಾರೆ ಬಿಗಿದದ್ದರಿಂದ ಬೈಯಲು ಆಳು ಸಿಗದೆ ಹೋಯಿತು. ಅದಕ್ಕೇ ಇಡೀ ಊರನ್ನೇ ಬೈದುಕೊಂಡು ತಿರುಗಿದ.

ಊರು ಅತ್ತಿಕಟ್ಟೆದೊಡ್ಡಿ. ಬೆಸಗರಹಳ್ಳಿಯಲ್ಲಿ ಬಸ್ಸು ಇಳಿದು ಒಂದೂವರೆ ಮೈಲಿ ನಡೆಯಬೇಕು. ಇಪ್ಪತ್ತಾರು ವರ್ಷದಿಂದ ಆ ಊರಿಗೆ ನೀರು ಬಿಡುತ್ತಿದ್ದ ಪಂಚಾಯ್ತಿ ವಾಟರ್‌ಮ್ಯಾನ್ ಚಿಕ್ಕಬೋರಯ್ಯ. ಇಪ್ಪತ್ತಾರು ವರ್ಷವೂ ಖಾಯಂ ಆಗಿರಲಿಲ್ಲ. ಊರ ಮುಂದಿನ ಗೋಣಿಮರದ ಕೆಳಗೆ ನೀರು ತುಂಬಿಡುವ ಸಿಮೆಂಟಿನ ಒಂದು ಹಳೇ ತೊಂಬೆ ಇತ್ತು. ಮನೆಮನೆಗೆ ನಲ್ಲಿ ಬಂದ ಮೇಲೆ ಅಲ್ಲಿಗೆ ಬಿಂದಿಗೆ ಹಿಡಿದು ಬರುವವರು ಯಾರೂ ಇಲ್ಲ. ತೊಂಬೆ ಬಿರುಕು ಬಿಟ್ಟು ಒಣಗಿ, ನೇರ ಪೈಪಿಗೆ ಸೇರಿಸಿದ್ದ ನಾಲ್ಕು ನಲ್ಲಿ ಮಾತ್ರ ಉಳಿದಿದ್ದವು. ಅದರಲ್ಲಿ ಮೂರಕ್ಕೆ ತುಕ್ಕು. ನಾಲ್ಕನೆಯದನ್ನು ಚಿಕ್ಕಬೋರಯ್ಯ ಕಾಲು ಸುತ್ತು ಸಡಿಲ ಬಿಟ್ಟಿದ್ದ.

ಅದರ ಕೆಳಗೆ ದನದ ಕಲ್ಲುತೊಟ್ಟಿ. ತೊಟ್ ತೊಟ್ ಅಂತ ಹನಿ ಬಿದ್ದು ತೊಟ್ಟಿ ಯಾವಾಗಲೂ ಗೇಣುದ್ದ ತುಂಬಿರುತ್ತಿತ್ತು. ಅಂಚಿನಲ್ಲಿ ಹಸಿರು ಪಾಚಿ. ಆಲೆಮನೆಯಿಂದ ಕಬ್ಬಿನ ಸಿಪ್ಪೆ ತಂದು ಹಿಡಿ ಹಿಡಿ ಅದರಲ್ಲಿ ತೇಲಿಬಿಡುತ್ತಿದ್ದ. ಜೇನುಹುಳ ಸಿಪ್ಪೆಯ ಮೇಲೆ ಕೂತು ನೀರು ಹೀರಬೇಕು, ಇಲ್ಲದಿದ್ದರೆ ಮುಳುಗಿ ಸಾಯುತ್ತವೆ. ಗೋಣಿಮರದ ಮೇಲುಕೊಂಬೆಯಲ್ಲಿ ಮೂರು ಹೆಜ್ಜೇನು ಕಟ್ಟಿದ್ದವು, ಒಂದೊಂದೂ ಮೊರದಗಲ. ಮುಂಜಾವಿಗೆ ಮುಂಗುಸಿ, ಬಿಸಿಲೇರಿದ ಮೇಲೆ ಹುಳ, ಆಮೇಲೆ ಗೊರವಂಕ, ಮಧ್ಯಾಹ್ನ ನಾಯಿ, ಸಂಜೆ ಮೇದು ಬರುವ ದನ ಕುರಿ. ಯಾರ ಪಾಳಿ ಯಾವಾಗ ಅಂತ ಅವನಿಗೆ ಬಾಯಿಪಾಠವಾಗಿತ್ತು.

ಶಿವರಾತ್ರಿ ಕಳೆದ ವಾರ ಪಂಚಾಯ್ತಿ ಮೆಂಬರು ಯತೀಶ ತೊಂಬೆ ಹತ್ತಿರ ಬೈಕು ನಿಲ್ಲಿಸಿದ. ಮೂವತ್ತೈದರ ಆಳು. ಬಿಳಿ ಷರ್ಟು, ಜೇಬಲ್ಲಿ ಎರಡು ಫೋನು.

"ಬೋರಯ್ಯ, ಸೋರಿಕೆಮುಕ್ತ ಗ್ರಾಮ ಅಂತ ಪ್ರಶಸ್ತಿ ಕೊಡ್ತಾರೆ. ನಮ್ಮೂರ್ ಎಸ್ರು ನಾನೇ ಕೊಟ್ಟಿವ್ನಿ. ನೋಡಾಕೆ ಟೀಮು ಬತ್ತದೆ. ಊರಲ್ಲಿ ಒಂದ್ ಅನಿ ಸೋರ್ಬಾರ್ದು. ಇದನ್ನ ಬಿಗಿ."

"ಇದು ಸೋರದಲ್ಲ ಕಣಪ್ಪ. ನಾನೇ ಬುಟ್ಟಿರದು. ಮೂಕ್‌ಪ್ರಾಣಿಗೆ."

"ಮೂಕ್‌ಪ್ರಾಣಿ ಬಂದು ನಿನ್ನ ಖಾಯಂ ಮಾಡ್ಸ್ತವಾ? ಟೀಮಲ್ಲಿ ಬರೋ ಸಾಹೇಬ್ರ ಟೇಬಲ್ ಮ್ಯಾಲೇ ನಿನ್ ಫೈಲ್ ಕುಂತದೆ. ನೋಡ್ಕೊ."

ಚಿಕ್ಕಬೋರಯ್ಯ ನೋಡಿಕೊಂಡ. ಇನ್ನು ಮೂರು ವರ್ಷಕ್ಕೆ ಅರವತ್ತು. ಆ ಫೈಲು ಇಪ್ಪತ್ತಾರು ವರ್ಷದಲ್ಲಿ ಎಷ್ಟು ಟೇಬಲ್ಲು ಹತ್ತಿ ಇಳಿದಿತ್ತೋ ಅವನಿಗೇ ಗೊತ್ತಿರಲಿಲ್ಲ. ಸೊಂಟದಿಂದ ಸ್ಪ್ಯಾನರು ತೆಗೆದು ಕಾಲು ಸುತ್ತು ತಿರುಗಿಸಿದ. ಹನಿ ನಿಂತಿತು. ನಾಲ್ಕೇ ದಿನಕ್ಕೆ ತೊಟ್ಟಿ ಒಣಗಿ, ಪಾಚಿ ಹಪ್ಪಳದಂತೆ ಎದ್ದು ಬಂತು. ದನ ಬಂದು ಒಣ ಕಲ್ಲು ನೆಕ್ಕಿ ಹೋದವು. ಚಿಕ್ಕಬೋರಯ್ಯ ಆ ದಾರಿಯಲ್ಲಿ ತಲೆ ತಗ್ಗಿಸಿಕೊಂಡು ಓಡಾಡಿದ.

ಒಂಬತ್ತನೇ ದಿನ ಅವನ ಹೆಂಡತಿ ದೇವಿರಮ್ಮ ಬಾಯಿ ಬಡಿದುಕೊಂಡು ಓಡಿ ಬಂದಳು. ಅವಳು ಅಂಗನವಾಡಿಯಲ್ಲಿ ಸಹಾಯಕಿ. ಯತೀಶನ ಮಗಳು ಚಂದನ, ನಾಲ್ಕು ವರ್ಷದ ಕೂಸು, ಕೈ ತೊಳೆಯಲು ಹೋಗಿ ಡ್ರಮ್ಮಿನ ನಲ್ಲಿ ಹಿಡಿದಿದ್ದಳು. ನಲ್ಲಿಯ ಬಾಯಲ್ಲಿ ಜೇನುಹುಳವಿತ್ತು. ಅಂಗೈಗೆ ಎರಡು, ಕಣ್ಣಿನ ರೆಪ್ಪೆಗೆ ಒಂದು. ಬೆಸಗರಹಳ್ಳಿ ಆಸ್ಪತ್ರೆಗೆ ಕರಕೊಂಡು ಹೋಗಿ ಸೂಜಿ ಹಾಕಿಸಿದರು. ಸಂಜೆಗೆ ಮಗು ಒಂದು ಕಣ್ಣು ಊದಿಸಿಕೊಂಡು, ಬಿಸ್ಕತ್ತು ತಿನ್ನುತ್ತಾ ವಾಪಸು ಬಂತು. ಯತೀಶ ಮಾತ್ರ ಅವಳನ್ನು ಕಂಕುಳಿಂದ ಇಳಿಸಲೇ ಇಲ್ಲ.

ಚಿಕ್ಕಬೋರಯ್ಯ ಅಂಗನವಾಡಿಗೆ ಹೋಗಿ ನೋಡಿದ. ಡ್ರಮ್ಮಿನ ಸುತ್ತ ನೂರಾರು ಹುಳ. ಮುಚ್ಚಳದ ಮೇಲೆ, ನೆನೆದ ನೆಲದ ಮೇಲೆ, ಕೈ ಒರೆಸುವ ಬಟ್ಟೆಯ ಮೇಲೆ. ಮೂಗಿಗೆ ಗಪ್ಪನೆ ಘಾಟು ಹೊಡೆಯಿತು.

"ಏನಮ್ಮೀ ಸುರ್ದಿದ್ದೀಯ ಇಲ್ಲಿ?"

"ಬ್ಲೀಚಿಂಗ್ ಪೌಡ್ರು. ಐದ್ ದಿನದಿಂದ ಹುಳ ಬರಾಕ್ ಸುರುವಾಯ್ತಲ್ಲ, ಈ ವಾಸ್ನೆಗೆ ಓಡೋಯ್ತವೆ ಅಂತ ಮೆಂಬರು ಏಳ್ದ. ದಿನಾ ನೆಲಕ್ಕೆಲ್ಲ ಸುರೀತಿವ್ನಿ. ನೀನೇ ಅಲ್ವಾ ಡಬ್ಬ ಕೊಟ್ಟಿದ್ದು?"

ಕೊಟ್ಟಿದ್ದ. ಯಾಕೆ, ಏನು ಅಂತ ಒಂದು ಮಾತು ಕೇಳದೆ ಕೊಟ್ಟಿದ್ದ. ಈಗ ತಲೆ ಚಚ್ಚಿಕೊಳ್ಳುವ ಹಾಗಾಯಿತು. ಪ್ರತಿ ಸೋಮವಾರ ಅವನು ಊರಿಗೆ ನೀರು ಬಿಡುವ ದೊಡ್ಡ ಟ್ಯಾಂಕಿಗೆ ಬ್ಲೀಚಿಂಗ್ ಹಾಕುತ್ತಿದ್ದ. ಪ್ರತಿ ಮಂಗಳವಾರ ತೊಟ್ಟಿಯ ಮೇಲೆ ಹುಳ ಎರಡರಷ್ಟು ಆಗುತ್ತಿದ್ದವು. ಹುಳ ನೀರು ಹುಡುಕುವುದು ಕಣ್ಣಿಂದಲ್ಲ, ವಾಸನೆಯಿಂದ. ಪಾಚಿ ವಾಸನೆ, ಗಂಜಲದ ವಾಸನೆ, ಬ್ಲೀಚಿಂಗ್ ಘಾಟು. ಫಿಲ್ಟರ್ ನೀರನ್ನು ಬೆಳ್ಳಿ ಬಟ್ಟಲಲ್ಲಿ ಇಟ್ಟರೂ ಅವು ತಿರುಗಿ ನೋಡುವುದಿಲ್ಲ. ಓಡಿಸುತ್ತೇವೆ ಅಂತ ಈ ಬುದ್ಧಿವಂತರು ಐದು ದಿನ ತಮಟೆ ಹೊಡೆದು ಹುಳವನ್ನು ಮಕ್ಕಳ ಹತ್ತಿರ ಕರೆದಿದ್ದರು. ನಲ್ಲಿ ಬಿಗಿದವನೂ ತಾನು, ಡಬ್ಬ ಕೊಟ್ಟವನೂ ತಾನು.

"ಮೂದೇವಿ ನನ್ಮಗ," ಅಂದ. ಯಾರಿಗೆ ಅಂದದ್ದು ಅಂತ ದೇವಿರಮ್ಮ ಕೇಳಲಿಲ್ಲ.

ಸಂಜೆ ಡೈರಿ ಮುಂದೆ ಹಾಲಿನ ಕ್ಯಾನು ಹಿಡಿದು ಜನ ಸೇರಿದ್ದಾಗ ಯತೀಶ ತೀರ್ಮಾನ ಹೇಳಿಬಿಟ್ಟ. ಕಬ್ಬಿಗೆ ಔಷಧಿ ಹೊಡೆಯುವ ಪುಟ್ಟರಾಜುವಿನ ಹತ್ತಿರ ದೊಡ್ಡ ಸ್ಪ್ರೇಯರ್ ಇದೆ. ನಾಳೆ ಸಂಜೆ ಹುಳವೆಲ್ಲ ಗೂಡಿಗೆ ಬಂದು ಕೂತ ಮೇಲೆ ಮೂರೂ ಜೇನಿಗೆ ವಿಷ ಹೊಡೆದು ಉದುರಿಸುವುದು. ನಾಳಿದ್ದು ಟೀಮು ಬರುತ್ತದೆ, ಮರದ ಕೆಳಗೇ ಶಾಮಿಯಾನ.

"ಹುಳದ ತಪ್ಪಲ್ಲ ಕಣಪ್ಪ, ನಮ್ದು," ಅಂದ ಚಿಕ್ಕಬೋರಯ್ಯ. "ನೀರ್ ನಿಲ್ಸಿದ್ದು ನಾನು. ಘಾಟ್ ಹಾಕ್ಸಿ ಕರ್ಸಿದ್ದು ನೀನು. ಒಂದ್ ಸಲ ನಲ್ಲಿ ಬುಟ್ರೆ ಅವು ತೊಟ್ಟಿಗ್ ಬತ್ತವೆ. ಕೂಸಿನ ತಂಟೆಗೆ ಬರಾಕಿಲ್ಲ."

"ನನ್ ಮಗಳ ಕಣ್ ಓಗಿದ್ರೆ ನೀನ್ ಕೊಡ್ತಿದ್ಯಾ?"

ಚಿಕ್ಕಬೋರಯ್ಯ ಕೈ ಮುಗಿದ. "ಒಂದೇ ದಿನ ಕೊಡು ಯತೀಶಪ್ಪ. ನಾಳೆ ಸಂಜೆ ಐದೂವರೆಗೆ ಅಂಗನವಾಡಿ ತಾವ ಒಂದ್ ಹುಳ ಕಂಡ್ರೂ ನಾನ್ ಬಾಯ್ ಬುಡಾಕಿಲ್ಲ. ಕಾಣ್ದಿದ್ರೆ ನೀನ್ ವಿಸ ಮುಟ್ಬ್ಯಾಡ."

ಜನ ನೋಡುತ್ತಿದ್ದರು. ಯತೀಶ ಎರಡು ಫೋನನ್ನೂ ಒಮ್ಮೆ ನೋಡಿ, "ಆಯ್ತು, ನಡಿ," ಅಂದ.

ಮಾರನೇ ದಿನ ಕೋಳಿ ಕೂಗುವ ಹೊತ್ತಿಗೇ ಚಿಕ್ಕಬೋರಯ್ಯ ಗೋಣಿಮರದ ಕೆಳಗಿದ್ದ. ನಾಲ್ಕನೇ ನಲ್ಲಿಯನ್ನು ಸಡಿಲ ಮಾಡಿದ. ತೊಟ್ಟಿಗೆ ನಾಲ್ಕು ಬಿಂದಿಗೆ ನೀರು ಹುಯ್ದ. ಅಂಚಿಗೆಲ್ಲ ಗಂಜಲ ಸವರಿ, ಒಂದು ಚಿಟಿಕೆ ಬ್ಲೀಚಿಂಗ್ ಕದಡಿ, ಕಬ್ಬಿನ ಸಿಪ್ಪೆ ತೇಲಿಬಿಟ್ಟ. ಅತ್ತ ದೇವಿರಮ್ಮ ಡ್ರಮ್ಮು ಬರಿದು ಮಾಡಿ, ನೆಲಕ್ಕೆ ಬೂದಿ ಎರಚಿ, ಗುಡಿಸಿ, ಡ್ರಮ್ಮಿಗೆ ಹಳೇ ಸೀರೆ ಸುತ್ತಿದಳು. ಮಕ್ಕಳ ಕೈಯನ್ನು ಒಳಗೇ ಚೊಂಬಿನಲ್ಲಿ ತೊಳೆಸಿದಳು. ಬೆಳಗ್ಗೆಯೆಲ್ಲ ಹುಳ ಒಣ ಡ್ರಮ್ಮಿನ ಸುತ್ತಲೇ ಗುಂಯ್‌ಗುಟ್ಟಿದವು. ತೊಟ್ಟಿಯ ಹತ್ತಿರ ಒಂದೂ ಇಲ್ಲ. ಚಿಕ್ಕಬೋರಯ್ಯ ಕಲ್ಲಿನ ಮೇಲೆ ಕುಕ್ಕರಗಾಲಲ್ಲಿ ಕೂತು, "ಬನ್ರೋ ಬಡ್ಡೆತ್ತವಾ, ನಿಮ್ಗೇ ಅಲ್ವಾ ಮಡಗಿರದು," ಅಂತ ಬೈಯುತ್ತಿದ್ದ.

ಹತ್ತು ಗಂಟೆಗೆ ನಾಲ್ಕು ಬಂದವು. ಮಧ್ಯಾಹ್ನಕ್ಕೆ ನಲವತ್ತು. ಐದೂವರೆಗೆ ತೊಟ್ಟಿಯಲ್ಲಿ ಸಿಪ್ಪೆಯೇ ಕಾಣದಷ್ಟು ಹುಳ. ದೇವಿರಮ್ಮ ಅಂಗನವಾಡಿಯಿಂದ ಬಂದು, "ಒಂದೂ ಇಲ್ಲ ಕಣಯ್ಯ. ಎರಡ್ ಸಲ ಸುತ್ತಾಕ್ ನೋಡ್ದೆ," ಅಂದಳು. ಚಿಕ್ಕಬೋರಯ್ಯ ಬೆಳಗಿನಿಂದ ಮೊದಲ ಸಲ ಬೀಡಿ ಹಚ್ಚಿದ.

ಬೀಡಿ ಅರ್ಧ ಮುಗಿದಿರಲಿಲ್ಲ, ಟ್ರ್ಯಾಕ್ಟರ್ ಸದ್ದು ಕೇಳಿತು. ಟ್ರೇಲರಿನಲ್ಲಿ ಸ್ಪ್ರೇಯರ್, ಇನ್ನೂರು ಲೀಟರಿನ ಖಾಲಿ ಡ್ರಮ್ಮು, ಎರಡು ಬಾಟಲಿ ಔಷಧಿ. ಪುಟ್ಟರಾಜು ಮೂತಿಗೆ ಟವಲು ಕಟ್ಟಿಕೊಂಡಿದ್ದ. ಹಿಂದೆ ಬೈಕಿನಲ್ಲಿ ಯತೀಶ.

"ಅಂಗನವಾಡಿ ನೋಡ್ಕೊಂಡ್ ಬಾರಪ್ಪ," ಅಂದ ಚಿಕ್ಕಬೋರಯ್ಯ. "ಒಂದ್ ಹುಳ ಇದ್ರೆ ಕೇಳು."

"ನೋಡ್ದೆ. ಇಲ್ಲ."

"ಮತ್ತೆ?"

"ಮತ್ತೆ ಏನು ಮತ್ತೆ? ನಾಳೆ ಸಾಹೇಬ್ರು ಕುಂತಿರ್‌ಬೇಕಾದ್ರೆ ನೆತ್ತಿ ಮ್ಯಾಲೆ ಹೆಜ್ಜೇನಾ? ನಲ್ಲಿ ಬ್ಯಾರೆ ಸೋರಿಸ್ಕೊಂಡ್ ಕುಂತಿದೀಯ. ಬಿಗಿ ಅದನ್ನ. ಏಯ್ ಪುಟ್ರಾಜ, ನೀರ್ ತುಂಬ್ಕೊ."

"ಮಾತ್ ಕೊಟ್ಟಿದ್ದೆ ನೀನು. ಡೈರಿ ಮುಂದೆ."

"ನಿನ್ ಜೊತೇಲಿ ಏನಯ್ಯ ಮಾತು," ಅಂದ ಯತೀಶ.

ಚಿಕ್ಕಬೋರಯ್ಯ ಬೀಡಿಯನ್ನು ಕಲ್ಲಿಗೆ ಒರೆಸಿ ಆರಿಸಿ, ಎದ್ದು ಹೊರಟ. ಸೋತು ಮನೆಗೆ ಹೋದ ಅಂದುಕೊಂಡರು. ಅವನು ಹೋದದ್ದು ದೊಡ್ಡ ಟ್ಯಾಂಕಿನ ಬುಡಕ್ಕೆ. ಗೇಟ್‌ವಾಲ್ವನ್ನು ಹನ್ನೆರಡು ಸುತ್ತು ತಿರುಗಿಸಿ ಮುಚ್ಚಿ, ಉದ್ದದ ಕಬ್ಬಿಣದ ಕೀ ಕಿತ್ತು ಹೆಗಲ ಮೇಲೆ ಇಟ್ಟುಕೊಂಡು ವಾಪಸು ಬಂದ. ಅಷ್ಟರಲ್ಲಿ ಪುಟ್ಟರಾಜು ಪಕ್ಕದ ಮನೆಯ ನಲ್ಲಿಗೆ ಸಿಕ್ಕಿಸಿ ಹಿಡಿದಿದ್ದ ಪೈಪು ಗೊರಗೊರ ಸದ್ದು ಮಾಡಿ ನಿಂತುಹೋಗಿತ್ತು. ಡ್ರಮ್ಮಿನ ತಳದಲ್ಲಿ ಎರಡು ಚೊಂಬು ನೀರು.

"ಯಾಕ್ಲಾ ನಿಂತೋಯ್ತು?" ಅಂತ ಯತೀಶ ಪುಟ್ಟರಾಜುವನ್ನು ಕೇಳಿದ.

"ನಾನ್ ನಿಲ್ಸ್ದೆ," ಅಂದ ಚಿಕ್ಕಬೋರಯ್ಯ. "ವಿಸ ಕಲ್ಸಾಕೆ ನನ್ ಕೈಲಿ ನೀರ್ ಬುಡಾಕಿಲ್ಲ. ಕೇಳುಸ್ತೇನ್ಲಾ, ಯತೀಶ? ಬುಡಾಕಿಲ್ಲ ಕಣ್ಲಾ!"

ಚಿಕ್ಕಬೋರಯ್ಯನ ಬಾಯಿಂದ ಯತೀಶನ ಮನೆಯವರಿಗೆ ಅಂಥ ಏಕವಚನದ ಮಾತು ಬಂದದ್ದು ಅದೇ ಮೊದಲು. ಬಂದ ಮೇಲೆ ಅವನಿಗೇ ಒಂದು ಗಳಿಗೆ ಗಾಬರಿಯಾಯಿತು. ಆದರೆ ಮಾತು ವಾಪಸು ತೆಗೆದುಕೊಳ್ಳಲಿಲ್ಲ.

ಯತೀಶ ಕೆಂಪಗಾಗಿ ಅಕ್ಕಪಕ್ಕದ ಮನೆಗಳ ಕಡೆ ತಿರುಗಿದ. "ಹತ್ ಬಿಂದಿಗೆ ನೀರ್ ಕೊಡ್ರಮ್ಮ!" ನಲ್ಲಿ ನಿಂತದ್ದು ಆಗಲೇ ಊರಿಗೆ ಗೊತ್ತಾಗಿತ್ತು. ಎದುರು ಮನೆಯ ಪಟ್ಟಲಮ್ಮ ಜಗಲಿಯ ಮೇಲಿಂದಲೇ, "ನೀರ್ ಯಾವಾಗ್ ಬತ್ತದೋ ಗೊತ್ತಿಲ್ಲ, ಕುಡಿಯಾಕ್ ಮಡಗಿರೋ ನೀರ್ನ ನಿನ್ ಔಷ್ದಿಗ್ ಸುರೀಲಾ? ಓಗಪ್ಪ ಕಂಡಿವ್ನಿ," ಅಂತ ಬಾಗಿಲು ಹಾಕಿಕೊಂಡಳು. ಉಳಿದವರೂ ಒಬ್ಬೊಬ್ಬರಾಗಿ ಒಳಗೆ ಹೋದರು. ಪಂಚಾಯ್ತಿಯವರು ಕುಡಿಯುವ ನೀರು ಶುದ್ಧ ಮಾಡುವ ಫಿಲ್ಟರ್ ಮನೆಯ ಬೀಗದ ಕೈ ಚಿಕ್ಕಬೋರಯ್ಯನ ಉಡಿದಾರದಲ್ಲೇ ಇತ್ತು. ನಾಲೆಗೆ ಆ ವಾರ ನೀರಿನ ಸರದಿ ಇರಲಿಲ್ಲ. ತೋಟದ ಬೋರಿಗೆ ತ್ರೀಫೇಸ್ ಕರೆಂಟು ಬರುವುದು ರಾತ್ರಿ ಹನ್ನೊಂದಕ್ಕೆ. ಉಳಿದದ್ದು ಕಲ್ಲುತೊಟ್ಟಿಯ ನೀರು. ಪುಟ್ಟರಾಜು ಬಕೆಟು ಹಿಡಿದು ಎರಡು ಹೆಜ್ಜೆ ಹೋದ. ಸಿಪ್ಪೆಯ ಮೇಲೆ ಕಪ್ಪಗೆ ಕೂತಿದ್ದ ಹುಳ ಕಂಡು ಅಲ್ಲೇ ನಿಂತ.

"ಅಣ್ಣ, ನನ್ ಕೈಲಾಗಾಕಿಲ್ಲ. ಕತ್ಲಾದ್ರೆ ಲೈಟಿನ ಬೆಳಕಿಗೆ ನೆಟ್ಗೆ ಮುಖಕ್ಕೇ ಬೀಳ್ತವೆ," ಅಂತ ಟ್ರ್ಯಾಕ್ಟರ್ ತಿರುಗಿಸಿದ.

ಯತೀಶ ಅಲ್ಲೇ ನಿಂತು ಪಂಚಾಯ್ತಿ ಪಿಡಿಓಗೆ ಫೋನು ಮಾಡಿದ. ಚಿಕ್ಕಬೋರಯ್ಯನಿಗೆ ಕೇಳಲಿ ಅಂತಲೇ ಜೋರಾಗಿ ಮಾತಾಡಿದ. ನಾಳೆ ಟೀಮು ಹೋದ ಮೇಲೆ ಈತನ ಕೆಲಸ ಮುಗಿಯಿತು ಅನ್ನುವುದು ಆ ಮಾತಿನ ತಾತ್ಪರ್ಯ. ಹೊತ್ತು ಮುಳುಗಿದ ಮೇಲೆ ಚಿಕ್ಕಬೋರಯ್ಯ ಊರಿಗೆ ನೀರು ಬಿಟ್ಟ.

ಮನೆಯಲ್ಲಿ ದೇವಿರಮ್ಮ ಮುದ್ದೆ ಬಡಿಸಿ ಎದುರು ಕೂತಳು. "ನಾಳೆ ಸಾಹೇಬ್ರು ಕೇಳ್ದಾಗ ಸೋರಾದಿಲ್ಲ ಅಂದ್ಬುಡು. ಫೈಲು ಅವ್ರ ತಾವೇ ಅದೆ ಅಂತೀಯ. ಒಂದ್ ದಿನದ್ ಮಟ್ಟಿಗೆ ಬಿಗಿದ್ರೆ ಯಾವ ಹುಳ ಸಾಯ್ತದೆ?"

"ಅದನ್ನೇ ಅನ್ಕಂಡು ಬಿಗಿದಿದ್ನಲ್ಲಮ್ಮಿ," ಅಂದ.

ಟೀಮು ಹನ್ನೊಂದಕ್ಕೆ ಬಂತು. ಶಾಮಿಯಾನವನ್ನು ಶಾಲೆ ಹತ್ತಿರಕ್ಕೆ ಸಾಗಿಸಿದ್ದರು. ಯತೀಶ ಸಾಹೇಬರನ್ನು ಗೋಣಿಮರದ ಕಡೆ ಬಿಡದೆ ಬೀದಿಬೀದಿ ಸುತ್ತಿಸಿದ. ಆದರೂ ಸಾಹೇಬರಿಗೆ ನೆರಳು ಬೇಕಾಯಿತು, ನೆರಳಿದ್ದದ್ದು ಅಲ್ಲೇ. ಹನಿ ಬೀಳುವ ನಲ್ಲಿಯನ್ನು ನೋಡಿ ಹಣೆ ಗಂಟು ಹಾಕಿದರು.

"ವಾಟರ್‌ಮ್ಯಾನ್ ಯಾರು?"

"ನಾನೇ ಸ್ವಾಮಿ. ಒಂದ್ ನಲ್ಲಿ ಸೋರ್ತದೆ. ಸೋರ್ತದೆ ಅಲ್ಲ, ನಾನೇ ಬುಟ್ಟಿವ್ನಿ. ಬರ್ಕೊಳಿ."

ಪಿಡಿಓ ಕಣ್ಣು ಬಿಟ್ಟ. ಯತೀಶ ಹಲ್ಲು ಕಚ್ಚಿದ. ಸಾಹೇಬರು ಬರೆದುಕೊಂಡು ಪೆನ್ನು ಮುಚ್ಚಲು ಹೋದರು.

"ಪೆನ್ ಮುಚ್‌ಬ್ಯಾಡಿ. ಇನ್ನೊಂದದೆ, ಬನ್ನಿ," ಅಂತ ಚಿಕ್ಕಬೋರಯ್ಯ ಹೊರಟೇಬಿಟ್ಟ. ಬೇರೆ ದಾರಿ ಕಾಣದೆ ಅವರೂ ಹಿಂದೆ ಹೋದರು. ಫಿಲ್ಟರ್ ನೀರಿನ ಮನೆಯ ಹಿಂದೆ, ಗೋಡೆಯಿಂದ ತೋಳು ಗಾತ್ರದ ಪೈಪೊಂದು ಚರಂಡಿಗೆ ಚಾಚಿತ್ತು. ಶುದ್ಧ ಮಾಡಿ ಉಳಿದ ನೀರು ಅದರಲ್ಲಿ ಭರ್ರೆಂದು ಸುರಿಯುತ್ತಿತ್ತು. ಬಚ್ಚಲು, ಸಗಣಿ, ಪ್ಲಾಸ್ಟಿಕ್ಕಿನ ಜೊತೆ ಸೇರಿ ಕಪ್ಪಗೆ ಹರಿಯುತ್ತಿತ್ತು.

"ಒಂದ್ ಕ್ಯಾನ್ ನೀರ್ ಇಡಿಯಾಕೆ ಎರಡ್ ಕ್ಯಾನ್ ಚರಂಡಿಗ್ ಓಯ್ತದೆ. ಬೆಳಗ್ಗಿಂದ ಸಂಜೆಗಂಟ. ಯಾವ ನಾಯಿನೂ ಮೂಸಾಕಿಲ್ಲ ಇದನ್ನ. ಇದ್ ಸೋರಿಕೆ ಅಲ್ವಾ ಸ್ವಾಮಿ? ನನ್ ತೊಟ್ಟಿಗ್ ಬೀಳೋ ಅನಿ ಸೋರಿಕೆ, ಇದ್ ಅಲ್ವಾ? ಬರೀರಿ!"

ಸಾಹೇಬರು ಕಾಗದ ತಿರುವಿ ನೋಡಿದರು. ಮನಸ್ಸಿನಲ್ಲಿ ಅವರಿಗೂ ಏನೋ ಅನ್ನಿಸಿರಬೇಕು, ದನಿ ತಗ್ಗಿತು. "ಅದು ಬೇರೆ ಯೋಜನೆಯಪ್ಪ. ನಮ್ಮ ಫಾರಂನಲ್ಲಿ ಅದಕ್ಕೆ ಜಾಗ ಇಲ್ಲ."

"ಥೂ ನಿಮ್ ಫಾರಂ," ಅಂದ ಚಿಕ್ಕಬೋರಯ್ಯ.

ಊರಿಗೆ ಪ್ರಶಸ್ತಿ ಬರಲಿಲ್ಲ. ಅವತ್ತೇ ಮಧ್ಯಾಹ್ನಕ್ಕೆ ಪಿಡಿಓ ವಾಲ್ವಿನ ಕೀ, ಫಿಲ್ಟರ್ ಮನೆಯ ಬೀಗದ ಕೈ, ಬ್ಲೀಚಿಂಗ್ ಡಬ್ಬ ಎಲ್ಲ ಇಸಿದುಕೊಂಡ. ಸ್ಪ್ಯಾನರಿಗೂ ಕೈ ಚಾಚಿದ. "ಇದ್ ಪಂಚಾಯ್ತಿದಲ್ಲ. ನನ್ ದುಡ್ಡಲ್ ತಕ್ಕೊಂಡಿದ್ದು," ಅಂದ ಚಿಕ್ಕಬೋರಯ್ಯ. ಫೈಲಿನ ವಿಚಾರ ಅವನೂ ಎತ್ತಲಿಲ್ಲ, ಅವರೂ ಎತ್ತಲಿಲ್ಲ. ಯತೀಶ ತನ್ನ ಕಡೆಯ ಅಂಕಯ್ಯನನ್ನು ನೀರು ಬಿಡಲು ಹಾಕಿಸಿದ. ಅಂಕಯ್ಯ ಮೊದಲ ದಿನವೇ ನಾಲ್ಕನೇ ನಲ್ಲಿಯನ್ನು ಬಿಗಿದು, ಮೇಲೆ ರಬ್ಬರು ಸುತ್ತಿದ.

ಆರನೇ ದಿನ ಮಧ್ಯಾಹ್ನ ಅಂಕಯ್ಯನೇ ಚಿಕ್ಕಬೋರಯ್ಯನ ಮನೆ ಬಾಗಿಲಿಗೆ ಬಂದು ನಿಂತ. ಹುಬ್ಬಿನ ಮೇಲೆ ಬೋರೆಹಣ್ಣಿನ ಗಾತ್ರ ಊದಿತ್ತು.

"ಬೋರಣ್ಣ, ನಲ್ಲೀನ ಎಷ್ಟ್ ಬುಡ್ಬೇಕು? ಯತೀಶಣ್ಣನ ಅಟ್ಟಿ ಪಾತ್ರೆ ತೊಳಿಯೋ ಕಲ್ ತುಂಬ ಹುಳ. ಅಂಗನವಾಡೀಲೂ ಬತ್ತಾ ಅವೆ. ಕೂಸ್ನ ಮೂರ್ ದಿನದಿಂದ ಆಚ್ಗೇ ಬುಟ್ಟಿಲ್ಲ. ಪುಟ್ರಾಜನ್ನ ಕರುದ್ರೆ, ಒಂದ್ ಅನಿ ನೀರಿಗ್ ಓಗೋ ಹುಳಕ್ಕೆ ವಿಸ ಯಾಕೆ, ನಾ ಬರಾಕಿಲ್ಲ ಅಂದ್ಬುಟ್ಟ. ಯತೀಶಣ್ಣನೇ ಕಳ್ಸಿದ್ದು. ಯಾರ್ಗೂ ಏಳ್ಬ್ಯಾಡ ಅಂದವ್ನೆ."

"ಯಾರ್ಗೂ ಏಳ್ಬ್ಯಾಡ ಅಂದ್ನಾ?" ಚಿಕ್ಕಬೋರಯ್ಯನ ಸಿಟ್ಟು ಆರು ದಿನದಲ್ಲಿ ಒಂದು ಗುಲಗಂಜಿಯಷ್ಟೂ ಇಳಿದಿರಲಿಲ್ಲ. "ಊರಿಗೆಲ್ಲ ಏಳ್ತೀನಿ. ನಿನ್ ಕೈಲಿ ಏನೂ ಏಳಾಕಿಲ್ಲ. ಅವನೇ ಬರ್ಲಿ, ಗೋಣಿಮರದ ತಾವ. ಡೈರಿ ಒತ್ಗೆ."

ಯತೀಶ ಬಂದ. ಡೈರಿಗೆ ಹಾಲು ಹಾಕುವ ಜನವೆಲ್ಲ ಕ್ಯಾನು ಕೈಯಲ್ಲೇ ಹಿಡಿದು ನೋಡುತ್ತಿದ್ದರು. ಬೈಕಿನ ಮುಂದೆ ಚಂದನ ಕೂತಿದ್ದಳು, ಕಣ್ಣಿನ ಊತ ಇಳಿದಿತ್ತು. ಚಿಕ್ಕಬೋರಯ್ಯ ಮಗುವನ್ನು ನೋಡಿದ. ಅವಳ ಮುಂದೆ ಕೂಗಬಾರದು ಅನ್ನಿಸಿತು. ಸೊಂಟದಿಂದ ಸ್ಪ್ಯಾನರು ತೆಗೆದು ಯತೀಶನ ಕಡೆ ಹಿಡಿದ.

"ತಕ್ಕೊ. ಅವತ್ತು ಬಿಗಿದವ್ನು ನಾನು, ತಿರ್ಗಾ ಬಿಚ್ಚಿದವ್ನೂ ನಾನೇ. ಈ ಸಲ ಬಿಗಿಸ್ದವ್ನು ನೀನು. ನೀನೇ ಬಿಚ್ಚು."

ಯತೀಶ ಸುತ್ತ ನೋಡಿದ. ಬಿಳಿ ಷರ್ಟಿನ ತೋಳು ಮಡಚಿ, ರಬ್ಬರು ಕಿತ್ತು, ಸ್ಪ್ಯಾನರು ಹಾಕಿ ಜೋರಾಗಿ ತಿರುಗಿಸಿದ. ನೀರು ಭುಸ್ಸೆಂದು ಬಂದು ಮುಖಕ್ಕೆ ಹೊಡೆಯಿತು. ಚಂದನ ಕಿಲಕಿಲ ನಕ್ಕಳು.

"ಅಷ್ಟಲ್ಲ! ವಸಿ ಹಿಂದಕ್ಕೆ. ಇನ್ನೂ. ಇನ್ನೂ ವಸಿ. ನಿಲ್ಸು." ಚಿಕ್ಕಬೋರಯ್ಯ ಹನಿ ಎಣಿಸಿದ. ಒಂದು ಬಿದ್ದು, ಎರಡು ಮೂರು ಅನ್ನುವಷ್ಟರಲ್ಲಿ ಇನ್ನೊಂದು ಬಿತ್ತು. "ಇಷ್ಟು. ಮರೀಬ್ಯಾಡ."

ಯತೀಶ ಒದ್ದೆ ಮುಖ ಒರೆಸಿಕೊಂಡ. "ನಾಳೆಯಿಂದ ಕ್ಯಾಮೆಗ್ ಬಾ ಬೋರಯ್ಯ. ಪಿಡಿಓಗೆ ನಾನ್ ಏಳ್ತೀನಿ."

"ನಿನ್ ಮಾತ್ ಡೈರಿ ಮುಂದೆ ಒಂದ್ ಸಲ ಕೇಳಿವ್ನಿ," ಅಂದ ಚಿಕ್ಕಬೋರಯ್ಯ. "ಕಾಗ್ದ ತಕ್ಕೊಂಡ್ ಬಾ, ಆಮ್ಯಾಕ್ ನೋಡಾಣ. ಈಗ ಸ್ಪ್ಯಾನರ್ ಕೊಡು."

ಸ್ಪ್ಯಾನರನ್ನು ಪಂಚೆಗೆ ಒರೆಸಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಕಬ್ಬಿನ ಸಿಪ್ಪೆ ತರಲು ಆಲೆಮನೆ ಕಡೆ ಹೊರಟ.